ಮೂರನೇ ಅಧ್ಯಾಯ ಅತ್ತೆಯದು

ಮೊನ್ನೆ ಗುರುವಾರ ವೈವಾ ಮುಗಿಯಿತು. ಏಳು ವರ್ಷ ಎಳೆದ ಪಿಎಚ್‌ಡಿ. ಫೋನ್ ಮಾಡಿದವರಿಗೆಲ್ಲ ‘ಥ್ಯಾಂಕ್ಸ್’ ಅಂದು ಇಟ್ಟೆ. ಅಷ್ಟಕ್ಕೆ ತೀರುವ ಋಣವಲ್ಲ ಇದು.

ನನ್ನ ವಿಷಯ ಡಾ. ರಾಜ್‌ಕುಮಾರ್ ಅವರ ದನಿ. ಬಹುಕಾಲ ತೆರೆಯ ಮೇಲೆ ಅವರು ತುಟಿಯಾಡಿಸಿದ್ದು ಹೆಚ್ಚಾಗಿ ಪಿ.ಬಿ. ಶ್ರೀನಿವಾಸ್ ಕಂಠಕ್ಕೆ. 1974ರಲ್ಲಿ ‘ಸಂಪತ್ತಿಗೆ ಸವಾಲ್’ ಬಂತು; ಜಿ.ಕೆ. ವೆಂಕಟೇಶ್ ಸಂಗೀತದಲ್ಲಿ ಎಮ್ಮೆ ಮೇಲೆ ಕೂತು ತಾವೇ ಹಾಡಿದರು. (1959ರ ‘ಮಹಿಷಾಸುರ ಮರ್ದಿನಿ’ಯಲ್ಲೇ ಹಾಡಿದ್ದರಲ್ಲ ಎಂದು ತಿದ್ದಲು ಕಾದವರಿಗೆ: ಗೊತ್ತು, ಅಡಿಟಿಪ್ಪಣಿಯಲ್ಲಿದೆ.) ಮುಖ, ದನಿ ಎರಡೂ ಒಬ್ಬರದೇ ಆದಾಗ ಅಭಿಮಾನ ಹೇಗೆ ಬದಲಾಯಿತು ಅನ್ನುವುದು ನನ್ನ ಪ್ರಶ್ನೆ. ಎರಡು ವರ್ಷ ಸಿದ್ಧಾಂತ ಓದಿ ಉತ್ತರವನ್ನೂ ಬರೆದಿಟ್ಟಿದ್ದೆ.

ಒಂದು ಸಂಜೆ ಅವರೆಕಾಯಿ ಬಿಡಿಸುತ್ತ ಅತ್ತೆಗೆ ಇದನ್ನೆಲ್ಲ ಹೇಳುತ್ತಿದ್ದೆ. ಅವರ ಕೈ ನಿಂತಿತು. “ಮುಂಚೆ ಹಾಡ್ತಿದ್ದೋರು ಬೇರೆಯೋರಾ? ಎಮ್ಮೆ ಹಾಡಲ್ಲಿ ಅಣ್ಣಾವ್ರಿಗೆ ಗಂಟಲು ಕಟ್ಟಿದೆ ಅಂದ್ಕೊಂಡಿದ್ದೆ ಕಣೇ!”

ನನ್ನ ಉತ್ತರ ಅಲ್ಲೇ ಕುಸಿಯಿತು. ಟೆಂಟಿನಲ್ಲಿ, ಮದುವೆ ಮನೆ ಮೈಕಿನಲ್ಲಿ ಕೇಳಿದ ಅತ್ತೆಗೆ ಆ ದನಿ ಮೊದಲಿಂದಲೂ ಅಣ್ಣಾವ್ರದೇ. ‘ರಾಜ್ ಶರೀರ, ಪಿಬಿಎಸ್ ಶಾರೀರ’ ಎಂಬ ಮಾತು ಪತ್ರಿಕೆ ಓದುವವರ ಮನೆಯದು. ಮತ್ತೆ ಊರೂರು ಅಲೆದೆ. ಅತ್ತೆಯಂಥವರು ಹನ್ನೊಂದು ಜನ ಸಿಕ್ಕರು. ಪ್ರಬಂಧದ ಮೂರನೇ ಅಧ್ಯಾಯ ಅವರೆಲ್ಲರದು.

ಅದನ್ನು ಕತ್ತರಿಸದ ಗೈಡ್‌ಗೆ ಋಣಿ. “ಸಿನಿಮಾ ಹಾಡಿಗೂ ಪಿಎಚ್‌ಡಿ ಕೊಡ್ತಾರಾ?” ಎಂದು ನಕ್ಕವರಿಗೂ, ಹಟ ಹಿಡಿಸಿದ್ದು ನೀವೇ. ಎರಡು ವರ್ಷ ಮಗಳ ಜಡೆ ಹೆಣೆದ ಗಂಡನಿಗೆ ಏನು ಹೇಳಲಿ, ಈಗ ನನಗಿಂತ ಚೆನ್ನಾಗಿ ಹಾಕುತ್ತಾರೆ.

ಇನ್ನೊಬ್ಬರು ಹಳೆಯ ಅಭಿಮಾನಿ ಸಂಘದ ಆಟೊ ಚಾಲಕರು. ಹೆಸರು ಬೇಡ ಎಂದಿದ್ದಾರೆ. ಟ್ರಂಕಿನ ತುಂಬ ಹಾಡಿನ ಪುಸ್ತಕ ಕೊಟ್ಟರು: ಕಥೆ ಅರ್ಧಕ್ಕೆ ನಿಂತು ‘ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ’ ಅನ್ನುವಂಥವು. ನಾನು ತಡಕಿದ ಯಾವ ಲೈಬ್ರರಿಯಲ್ಲೂ ಇವು ಇರಲಿಲ್ಲ. “ಒಂದು ಹಾಳೆ ಮಡಚಿದ್ರೂ ಅಣ್ಣಾವ್ರಾಣೆ ಮೇಡಂ” ಎಂದಿದ್ದರು. ಮಡಚಿಲ್ಲ.

ಭಾನುವಾರ ಟ್ರಂಕು ವಾಪಸ್. ಅಷ್ಟರಲ್ಲಿ ಅತ್ತೆ ಕನ್ನಡಕ ಹಾಕಿಕೊಂಡು ಒಂದೊಂದೇ ಪುಸ್ತಕ ತೆಗೆದು, ಹಾಡಿದವರ ಹೆಸರಿನ ಮೇಲೆ ಬೆರಳಿಟ್ಟು ಓದುತ್ತಿದ್ದಾರೆ. ಇನ್ನೂ ಪೂರ್ತಿ ನಂಬಿಲ್ಲ.