ಟಿವಿ ಕೆಟ್ಟಿರಲಿಲ್ಲ, ನಿಮ್ಮ ಬಾಕ್ಸಿಗೆ ವೈರ್ ಇರಲಿಲ್ಲ

ಇಂದ,
ನಿಮ್ಮ 2009ರ ಗ್ರಾಹಕ,
ನವನಗರ, ಬಾಗಲಕೋಟೆ
(ಗ್ರಾಹಕ ಸಂಖ್ಯೆ ಮತ್ತು ಫೋನ್ ನಂಬರು ಲಗತ್ತಿಸಿದ ರಸೀದಿಗಳಲ್ಲಿವೆ)

ಇವರಿಗೆ,
ನೋಡಲ್ ಅಧಿಕಾರಿಗಳು,
ಛತ್ರಿ ಟಿವಿ (ಡಿಟಿಎಚ್) ಕಂಪನಿಯ ಗ್ರಾಹಕ ದೂರು ವಿಭಾಗ

ದಿನಾಂಕ: 12-02-2024

ವಿಷಯ: ಮುಂಚಿತವಾಗಿ ತಿಳಿಸದೆ ಹಳೆಯ ಸೆಟ್‌ಟಾಪ್ ಬಾಕ್ಸ್ ಬಂದ್ ಮಾಡಿದ್ದು, ಚೆನ್ನಾಗಿರುವ ಟಿವಿಯನ್ನು ಗುಜರಿಗೆ ಹಾಕಲು ಹೇಳಿದ್ದು ಮತ್ತು ನೋಡದ 26 ದಿನಕ್ಕೂ ಹಣ ಹಿಡಿದದ್ದರ ಬಗ್ಗೆ ದೂರು.

ಮಾನ್ಯರೇ,

ಜನವರಿ 3ರ ಬೆಳಿಗ್ಗೆ ನಮ್ಮ ಟಿವಿಯಲ್ಲಿ ಚಿತ್ರದ ಬದಲು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬಂದವು. ನನ್ನ ತಾಯಿಗೆ 86 ವರ್ಷ. ಅವರು ರಿಮೋಟ್ ಒತ್ತಿ ಒತ್ತಿ ಸಾಕಾಗಿ, ‘ಇದಕ್ಕೇನೋ ಆಗೇತಿ ನೋಡಪಾ’ ಎಂದು ನನ್ನನ್ನು ಕರೆದರು. ಓದಿದರೆ, ನಿಮ್ಮ ಬಾಕ್ಸ್ ಹಳೆಯದು, ಇನ್ನು ನಡೆಯುವುದಿಲ್ಲ, ಬದಲಿಸಿಕೊಳ್ಳಿ ಎಂದಿತ್ತು. ಹಿಂದಿನ ರಾತ್ರಿ ಹತ್ತರವರೆಗೆ ಅದೇ ಬಾಕ್ಸಿನಲ್ಲಿ ಧಾರಾವಾಹಿ ನೋಡಿದ್ದೆವು.

ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದಾಗ ‘ಮೂರು ಸಲ ಎಸ್ಸೆಮ್ಮೆಸ್ ಕಳಿಸಿದ್ದೇವೆ’ ಎಂಬ ಉತ್ತರ ಸಿಕ್ಕಿತು. ಯಾವ ನಂಬರಿಗೆ ಎಂದು ಕೇಳಿದೆ. 2009ರಲ್ಲಿ ಬಾಕ್ಸ್ ಕೊಂಡಾಗ ಬರೆಸಿದ್ದ, ನನ್ನ ಮಗನ ಆಗಿನ ನಂಬರಿಗೆ. ಆ ನಂಬರು ಯಾವತ್ತೋ ಬಂದ್ ಆಗಿದೆ. ಬದಲಿಸದೆ ಬಿಟ್ಟದ್ದು ನನ್ನ ತಪ್ಪು, ಒಪ್ಪಿದೆ. ಆದರೆ ‘ರೀಚಾರ್ಜ್ ಮುಗಿಯುತ್ತಿದೆ, ಕೂಡಲೇ ಹಣ ತುಂಬಿ’ ಎಂಬ ಸಂದೇಶ ಪ್ರತಿ ತಿಂಗಳೂ ತಪ್ಪದೆ ನನ್ನ ಈಗಿನ ನಂಬರಿಗೇ ಬರುತ್ತದೆ. ದುಡ್ಡು ಕೇಳುವಾಗ ಸಿಗುವ ನಂಬರು ಉಳಿದದ್ದಕ್ಕೆ ಏಕೆ ಸಿಗಲಿಲ್ಲವೋ ದಯವಿಟ್ಟು ತಿಳಿಸಿ.

ಎಂಟು ದಿನ ಬಿಟ್ಟು, ಜನವರಿ 11ಕ್ಕೆ ನಿಮ್ಮ ಹುಡುಗ ಬಂದ. ಹೊಸ ಬಾಕ್ಸಿಗೆ 1,100, ಬಂದದ್ದಕ್ಕೆ 250 ರೂಪಾಯಿ ತೆಗೆದುಕೊಂಡ. ಆಮೇಲೆ ಟಿವಿಯ ಹಿಂಬದಿಗೆ ಬಗ್ಗಿ ನೋಡಿ, ‘ಅಜ್ಜಾರ, ಇದಕ ಎಚ್‌ಡಿಎಂಐ ಇಲ್ಲ. ಟಿವಿ ಬದಲಿ ಮಾಡ್ರಿ, ಈ ಡಬ್ಬಿ ಇನ್ನ ಗುಜರಿಗೆ’ ಎಂದ. ಎಚ್‌ಡಿಎಂಐ ಎಂದರೆ ಹೊಸ ಟಿವಿಗಳಲ್ಲಿ ಬಾಕ್ಸಿನ ವೈರ್ ಚುಚ್ಚುವ ತೂತು. 32 ಇಂಚಿನ ಟಿವಿ ಕಂತಿನಲ್ಲಿ ಸಿಗುವ ಅಂಗಡಿಯ ಚೀಟಿಯನ್ನೂ ಕೊಟ್ಟ. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ದಿನಕ್ಕೆ ಹನ್ನೆರಡು ಮನೆ ತಿರುಗಬೇಕಂತೆ, ನೀರನ್ನೂ ನಿಂತೇ ಕುಡಿದ. ಹಾಗೆ ಹೇಳೆಂದು ಅವನಿಗೆ ಕಲಿಸಿದವರು ಯಾರು ಎಂಬುದು ನನ್ನ ಪ್ರಶ್ನೆ.

ಆ ಡಬ್ಬಿಯ ಬಗ್ಗೆ ಸ್ವಲ್ಪ ಹೇಳಬೇಕು. ನಾವು ಹಳೇ ಬಾಗಲಕೋಟೆಯವರು. ಆಲಮಟ್ಟಿಯ ಹಿನ್ನೀರಿಗೆ ನಮ್ಮ ಓಣಿ ಮುಳುಗಡೆಯಾಯಿತು, ಪರಿಹಾರ ತೆಗೆದುಕೊಂಡು ನವನಗರಕ್ಕೆ ಬಂದೆವು. ಮನೆ ಕಟ್ಟಿ ಉಳಿದ ದುಡ್ಡಿನಲ್ಲಿ 2002ರಲ್ಲಿ ಕೊಂಡದ್ದು ಈ 21 ಇಂಚಿನ ಟಿವಿ. ಮೊದಲು ಮಾಳಿಗೆಯ ಮೇಲಿನ ಆಂಟೆನಾ, ನಂತರ ಕೇಬಲ್, 2009ರಿಂದ ನಿಮ್ಮ ಛತ್ರಿ. ಪಟ್ಟಣಗಳ ಕೇಬಲ್‌ಗೆಲ್ಲ ಸೆಟ್‌ಟಾಪ್ ಬಾಕ್ಸ್ ಇರಲೇಬೇಕು ಎಂದು ಸರ್ಕಾರ 2015ರ ಡಿಸೆಂಬರ್ 31ರ ಗಡುವು ಹಾಕಿದಾಗ ಓಣಿಯವರು ಓಡಾಡಿದರು, ನಾವು ಆರಾಮ ಕೂತಿದ್ದೆವು. ಈಗ ಸಿಟ್ಟು ಮಾಡಿ ಮತ್ತೆ ಆಂಟೆನಾ ಏರಿಸುತ್ತೇನೆ ಎಂದರೂ ಆಗದು. ಆಂಟೆನಾಗಳಿಗೆ ಪ್ರಸಾರ ಕಳಿಸುತ್ತಿದ್ದ ದೂರದರ್ಶನದ ಹಳೆಯ ಅನಲಾಗ್ ಟ್ರಾನ್ಸ್‌ಮಿಟರುಗಳು 2022ರ ಮಾರ್ಚ್ ಹೊತ್ತಿಗೆ ಬಹುತೇಕ ಮುಚ್ಚಿಹೋದವು. ಇಷ್ಟೆಲ್ಲ ಬದಲಾದರೂ ಟಿವಿ ಒಮ್ಮೆ ಮಾತ್ರ ರಿಪೇರಿಗೆ ಹೋಗಿದೆ, ಅದೂ ಸಿಡಿಲು ಬಡಿದು.

ಸಾರಿಗೆ ಸಂಸ್ಥೆಯ ಡಿಪೋದಲ್ಲಿ 31 ವರ್ಷ ಸ್ಟೋರ್ ನೋಡಿಕೊಂಡವನು ನಾನು. ಯಾವುದಕ್ಕೆ ಯಾವ ಪಾರ್ಟ್ ಕೂಡುತ್ತದೆ ಎಂಬುದನ್ನು ಕೇಳದೆ ಬಿಡುವ ಜಾಯಮಾನ ನನ್ನದಲ್ಲ. ಹಾಗಾಗಿ ವಿಚಾರಿಸಿದೆ. ನೀವು ಚಾನೆಲ್‌ಗಳನ್ನು ಎಂಪೆಗ್-2 ಎಂಬ ಪದ್ಧತಿಯಲ್ಲಿ ಕಳಿಸುತ್ತಿದ್ದಿರಿ, ಈಗ ಎಂಪೆಗ್-4ಕ್ಕೆ ಹೋಗಿದ್ದೀರಿ. ಇದರಲ್ಲಿ ಚಿತ್ರವನ್ನು ಇನ್ನಷ್ಟು ಒತ್ತಿ ಮಡಚಬಹುದು, ಉಪಗ್ರಹದ ಅಷ್ಟೇ ಜಾಗದಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು ಚಾನೆಲ್ ಹಿಡಿಸುತ್ತವೆ. ಒಳ್ಳೆಯದೇ. ಆದರೆ ಮಡಚಿದ್ದನ್ನು ಬಿಡಿಸುವುದು ಬಾಕ್ಸಿನ ಕೆಲಸ. ನನ್ನ ಟಿವಿಗೆ ಎಂಪೆಗ್ ಎರಡೂ ಗೊತ್ತಿಲ್ಲ, ನಾಲ್ಕೂ ಗೊತ್ತಿಲ್ಲ. ಹಳದಿ ತೂತಿಗೆ ಚಿತ್ರ, ಬಿಳಿ-ಕೆಂಪಿಗೆ ಧ್ವನಿ ಬಂದರೆ ಸಾಕು, ಅದು ತೋರಿಸುತ್ತದೆ. ಬಾಕ್ಸ್ ಬದಲಿಸಬೇಕು ಎಂದಿದ್ದರೆ ಮಾತು ಸರಿ. ಟಿವಿಯನ್ನು ಗುಜರಿಗೆ ಹಾಕು ಎಂದದ್ದು ಶುದ್ಧ ಸುಳ್ಳು.

ಸುಳ್ಳು ಎಂದು ಗೊತ್ತಾಗಲು ಹದಿನೆಂಟು ದಿನ ಬೇಕಾಯಿತು. ನಡುವೆ ಸಂಕ್ರಾಂತಿ ಬಂತು, ಮಕ್ಕಳು ಮೊಮ್ಮಕ್ಕಳು ಕೂಡಲಸಂಗಮದಲ್ಲಿ ಮಿಂದು ಮನೆಗೆ ಬಂದರೆ ಟಿವಿಯ ಮೇಲೆ ಟವೆಲ್ ಹೊದೆಸಿತ್ತು. ಜನವರಿ 22ರಂದು ಅಯೋಧ್ಯೆಯ ಪ್ರತಿಷ್ಠಾಪನೆ ನೋಡಲು ನನ್ನ ತಾಯಿ ಪಕ್ಕದ ಮನೆಗೆ ಹೋಗಿ, ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಬಂದರು. ‘ನಮ್ಮನ್ಯಾಗ ಟಿವಿ ಇಟ್ಕೊಂಡು’ ಎಂದಷ್ಟೇ ಅಂದರು, ಮಾತು ಮುಗಿಸಲಿಲ್ಲ.

ಕೊನೆಗೆ ಹಳೆಯ ಟಿವಿ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಬಂದೆ. ಅವರು ನಿಮ್ಮ ಹೊಸ ಬಾಕ್ಸನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ಹಿಂಬದಿಯಲ್ಲಿ, ಕರೆಂಟಿನ ತೂತಿನ ಪಕ್ಕದಲ್ಲಿ, ಇಯರ್‌ಫೋನ್ ಹಾಕುವಂಥ ಒಂದು ಸಣ್ಣ ತೂತು. ಅದರ ಕೆಳಗೆ ಸಾಸಿವೆಯಷ್ಟು ಅಕ್ಷರದಲ್ಲಿ ‘ಎವಿ’ ಎಂದು ಕೊರೆದಿದೆ. ಹಳೆಯ ಟಿವಿಗೆಂದೇ ನೀವೇ ಇಟ್ಟ ದಾರಿ ಅದು! ಅದಕ್ಕೆ ಬೇಕಾದ ವೈರ್ ಮಾತ್ರ ಡಬ್ಬದಲ್ಲಿಲ್ಲ. 90 ರೂಪಾಯಿಗೆ ಪೇಟೆಯಿಂದ ತಂದೆವು. ಹಚ್ಚಿದರೆ ಪರದೆ ಕಪ್ಪು, ಸ್ಪೀಕರಿನಲ್ಲಿ ದುಂಬಿ ಹೊಕ್ಕಂತೆ ಗುಂಯ್ ಶಬ್ದ. ಅವರು ನಕ್ಕು, ಕೆಂಪು ಪಿನ್ ಕಿತ್ತು ಹಳದಿ ತೂತಿಗೆ, ಹಳದಿಯದನ್ನು ಕೆಂಪಿಗೆ ಚುಚ್ಚಿದರು. ಚಿತ್ರ ಬಂತು. ಈ ವೈರುಗಳ ಒಳಗಿನ ಜೋಡಣೆ ಒಂದೊಂದು ಕಂಪನಿಯದು ಒಂದೊಂದು ಥರವಂತೆ. ಅಂದರೆ ಪೇಟೆಯ ವೈರ್ ತಂದು ಹಚ್ಚಿದವನಿಗೂ ಟಿವಿಯೇ ಕೆಟ್ಟಿದೆ ಎನ್ನಿಸುವುದು ಖಾತ್ರಿ. ಮೆಕ್ಯಾನಿಕ್ ಚಹಾ ಕುಡಿದು ಹೋದರು, ದುಡ್ಡು ಮುಟ್ಟಲಿಲ್ಲ.

ಈಗ ಚಿತ್ರದ ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತದೆ, ಸುದ್ದಿಯ ಅಕ್ಷರ ಇರುವೆಯಂತೆ ಕಾಣುತ್ತವೆ. ಚಾನೆಲ್‌ಗಳೆಲ್ಲ ಅಗಲ ಪರದೆಗೆ ಹೋಗಿರುವುದರಿಂದ ಇದಕ್ಕೆ ನಿಮ್ಮನ್ನು ದೂರುವುದಿಲ್ಲ. ರಿಮೋಟಿನದು ಬೇರೆ. ಹಳೆಯದರಲ್ಲಿ ತಾಯಿಯ ಚಾನೆಲ್ಲಿನ ಮೂರು ಗುಂಡಿಗೆ ಮೊಮ್ಮಗಳು ಉಗುರುಬಣ್ಣ ಹಚ್ಚಿದ್ದಳು. ಹೊಸ ರಿಮೋಟಿನಲ್ಲಿ ಚಾನೆಲ್ ನಂಬರುಗಳೇ ಬೇರೆಯಾಗಿ, ಆ ಲೆಕ್ಕವೂ ತಪ್ಪಿತು.

ಬದಲಾವಣೆಯೇ ಬೇಡ ಎನ್ನುವವನು ನಾನಲ್ಲ. ಮುಳುಗಡೆಯವರಿಗೆ ಆ ಹಟ ನಡೆಯುವುದಿಲ್ಲ. ಆದರೆ ನೀರು ಬರುವ ಮೊದಲು ನಮ್ಮ ಮನೆಗೆ ನೋಟಿಸ್ ಬಂದಿತ್ತು, ಕನ್ನಡದಲ್ಲಿ. ಗೋಡೆ, ಬಾಗಿಲು, ಕಿಟಕಿ ಎಣಿಸಿಕೊಂಡು ಹೋಗಿದ್ದರು. ನೀರಿನ ಲಾಭ ಬೇರೆಯವರ ಹೊಲಕ್ಕೆ, ಹೋದದ್ದು ನಮ್ಮ ಮನೆ, ಆದ್ದರಿಂದಲೇ ಪರಿಹಾರ. ಸಾಲದು ಎಂದು ನಾವು ಜಗಳವಾಡಿದ್ದು ಬೇರೆ ಮಾತು, ಕೊಡಬೇಕು ಎಂಬುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಇಲ್ಲಿ ಉಪಗ್ರಹದ ಜಾಗ ಉಳಿದದ್ದು ನಿಮಗೆ, ಮುಳುಗಿದ್ದು ನಾನು ಪೂರ್ತಿ ದುಡ್ಡು ಕೊಟ್ಟು ಕೊಂಡ ಬಾಕ್ಸ್. ಅದಕ್ಕೆ ನೋಟಿಸೂ ಇಲ್ಲ, ಪರಿಹಾರವೂ ಇಲ್ಲ, ಮೇಲೆ 1,350 ರೂಪಾಯಿ ನನ್ನಿಂದಲೇ.

ಅಮೆರಿಕದಲ್ಲಿ 2009ರ ಜೂನ್ 12ರಂದು ದೊಡ್ಡ ಟಿವಿ ಕೇಂದ್ರಗಳ ಅನಲಾಗ್ ಪ್ರಸಾರ ನಿಂತಾಗ ನನ್ನ ಅಳಿಯ ಅಲ್ಲಿದ್ದ. ಹಳೆಯ ಟಿವಿಗೆ ಹಚ್ಚುವ ಪರಿವರ್ತಕ ಪೆಟ್ಟಿಗೆ ಕೊಳ್ಳಲು ಅಲ್ಲಿನ ಸರ್ಕಾರ ಮನೆಗೆ ಎರಡರವರೆಗೆ, ತಲಾ 40 ಡಾಲರಿನ ಕೂಪನ್ ಕೊಟ್ಟಿತ್ತು. ನಾನು ಡಾಲರ್ ಕೇಳುತ್ತಿಲ್ಲ.

ಕೇಳುತ್ತಿರುವುದು: ಬಾಕ್ಸಿನ 1,100, ಹುಡುಗ ಬಂದ 250, ವೈರಿನ 90, ಜನವರಿ 3ರಿಂದ 28ರವರೆಗೆ ನೋಡದ 26 ದಿನಕ್ಕೆ ತಿಂಗಳ 312ರ ಲೆಕ್ಕದಲ್ಲಿ 270, ಒಟ್ಟು 1,710 ರೂಪಾಯಿ ವಾಪಸ್. ಜೊತೆಗೆ, ಹಳೆಯ ಟಿವಿ ಇರುವ ಮನೆಗೆ ಹೋಗುವ ನಿಮ್ಮ ಹುಡುಗರ ಚೀಲದಲ್ಲಿ ನಿಮ್ಮ ಬಾಕ್ಸಿಗೇ ಕೂಡುವ ಎವಿ ವೈರ್ ಇರಲಿ. ನಮ್ಮ ಸಾಲಿನಲ್ಲೇ ಇನ್ನೂ ಎರಡು ಮನೆಯವರು ‘ಟಿವಿ ಹೋಯ್ತು’ ಎಂದು ತಿಳಿದು ಕೂತಿದ್ದರು. ಒಬ್ಬರು ಆಗಲೇ ಗುಜರಿಯವನಿಗೆ 300 ರೂಪಾಯಿಗೆ ಕೊಟ್ಟಿದ್ದರು.

ಈ ಪತ್ರ ತಲುಪಿದ ಹದಿನೈದು ದಿನದೊಳಗೆ ಲಿಖಿತ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಬರೆಸುತ್ತೇನೆ. ಜಿಲ್ಲಾ ಗ್ರಾಹಕರ ಆಯೋಗ ನಮ್ಮ ಊರಲ್ಲೇ ಇದೆ. ಐದು ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ನಿವೃತ್ತನಿಗೆ ಪುರುಸೊತ್ತಿಗೇನೂ ಕೊರತೆಯಿಲ್ಲ.

ಹಳೆಯ ಬಾಕ್ಸನ್ನು ‘ಕಂಪನಿಗೆ ಜಮಾ ಮಾಡಬೇಕು’ ಎಂದು ನಿಮ್ಮ ಹುಡುಗ ಕೇಳಿದ, ಕೊಟ್ಟಿಲ್ಲ. ಅದು ನನ್ನ ಖರೀದಿ. ಬೆಲೆಯಿಲ್ಲದ ವಸ್ತು ಎನ್ನುವವರು ಅದನ್ನು ಏಕೆ ಒಯ್ಯಬೇಕೋ ಅದನ್ನೂ ಉತ್ತರದಲ್ಲಿ ಬರೆಯಿರಿ.

ಫೋನ್ ಮಾಡುವುದಾದರೆ ಕನ್ನಡ ಬಲ್ಲವರಿಂದ, ಸಂಜೆ ನಾಲ್ಕರ ಮೇಲೆ ಮಾಡಿಸಿ. ಮಧ್ಯಾಹ್ನ ತಾಯಿ ಮಲಗಿರುತ್ತಾರೆ.

ತಮ್ಮ ವಿಶ್ವಾಸಿ,
(ಸಹಿ)

ಲಗತ್ತು: 2009ರ ಬಾಕ್ಸ್ ಖರೀದಿ ರಸೀದಿ, 11-01-2024ರ ರಸೀದಿ, ವೈರಿನ ಬಿಲ್, ಪರದೆಯ ಮೇಲೆ ಬಂದ ಸಂದೇಶದ ಫೋಟೋ, ಹೊಸ ಬಾಕ್ಸಿನ ಹಿಂಬದಿಯ ಫೋಟೋ (‘ಎವಿ’ ಎಂದಿರುವಲ್ಲಿ ಪೆನ್ನಿನಿಂದ ಗುರುತು ಹಾಕಿದ್ದೇನೆ).