ಎಚ್‌ಐವಿ ರೋಗಿಗಳ ಮರೆವನ್ನೂ ಪರೀಕ್ಷಿಸಿ

ಮಾನ್ಯ ಸಂಪಾದಕರೆ,

ನನಗೆ ಹತ್ತಿರದವರೊಬ್ಬರು ಇಲ್ಲಿ ತೊಗರಿ ವ್ಯಾಪಾರದ ಲೆಕ್ಕ ನೋಡಿಕೊಳ್ಳುತ್ತಾರೆ. ಹನ್ನೆರಡು ವರ್ಷಗಳಿಂದ ಎಚ್‌ಐವಿ ಗುಳಿಗೆಯನ್ನು ತಪ್ಪದೆ ನುಂಗುತ್ತ ಬಂದಿರುವ ಅವರ ರಕ್ತದಲ್ಲಿ ಈಗ ವೈರಾಣು ಪತ್ತೆಯಾಗುವುದಿಲ್ಲ. ಆದರೂ ಈಚೆಗೆ ಚೀಲ ಎಣಿಸುತ್ತಿರುವಾಗಲೇ ಲೆಕ್ಕ ತಪ್ಪಿ, ಖಾತೆ ಪುಸ್ತಕದ ಅದೇ ಸಾಲಿನ ಮೇಲೆ ಬೆರಳಿಟ್ಟುಕೊಂಡು ಮತ್ತೆ ಒಂದರಿಂದ ಶುರು ಮಾಡುತ್ತಾರೆ. ಚಿಕಿತ್ಸೆಗೆ ಹೋದಲ್ಲಿ ಇದನ್ನು ಹೇಳಿಕೊಂಡರೆ, "ವಯಸ್ಸಾಯ್ತು, ಲಕ್ಷ್ಯ ಕೊಟ್ಟು ಮಾಡ್ರಿ" ಎಂಬ ಉತ್ತರ ಬಂತು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಆದರೆ ಇಂಥ ಮರೆವಿಗೆ ವಯಸ್ಸಷ್ಟೇ ಅಲ್ಲ, ಎಚ್‌ಐವಿಯೂ ಕಾರಣವಿರಬಹುದು. ಎಚ್‌ಐವಿ ಸಾಮಾನ್ಯವಾಗಿ ನರಕೋಶದೊಳಗೆ ಹೋಗುವುದಿಲ್ಲ, ಮಿದುಳಿನ ಕಾವಲು ಕೋಶಗಳಾದ ಮೈಕ್ರೋಗ್ಲಿಯಾಗಳಲ್ಲಿ ನೆಲೆಸುತ್ತದೆ. ಅಲ್ಲಿಂದ ಹೊರಬೀಳುವ ಜಿಪಿ-120 ಮತ್ತು ಟ್ಯಾಟ್ ಎಂಬ ವೈರಾಣುವಿನ ಪ್ರೋಟೀನುಗಳು ಉರಿಯೂತದ ರಾಸಾಯನಿಕಗಳೊಡನೆ ಸೇರಿ, ನರಕೋಶಗಳ ನಡುವೆ ಸಂದೇಶ ಒಯ್ಯುವ ಗ್ಲುಟಮೇಟ್ ಎಂಬ ರಾಸಾಯನಿಕಕ್ಕೆ ತೆರೆಯುವ ನರಕೋಶದ ಬಾಗಿಲುಗಳನ್ನು ಅತಿಯಾಗಿ ತೆರೆಸುವುದರಿಂದ ಕ್ಯಾಲ್ಸಿಯಂ ಒಳನುಗ್ಗಿ, ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳು ಸೋಲುತ್ತವೆ. ಮೊದಲು ಮುದುಡುವುದು ಕೋಶದ ಕವಲುಗಳು, ಬುಡ ಬಹುಕಾಲ ಜೀವ ಹಿಡಿದಿರಬಹುದು. ಒಳಬಂದ ಕ್ಯಾಲ್ಸಿಯಂ ಅನ್ನು ಬೇಗ ಹಿಡಿದು ಹೊರಹಾಕಬಲ್ಲ ಕೋಶಗಳು ಮತ್ತು ಹೆಚ್ಚಾದ ಗ್ಲುಟಮೇಟ್ ಅನ್ನು ಹೀರಿಕೊಳ್ಳುವ ಆಸ್ಟ್ರೊಸೈಟ್ ಎಂಬ ಸಹಾಯಕ ಕೋಶಗಳ ಆಸರೆ ಗಟ್ಟಿಯಿರುವ ಕೋಶಗಳು ಹೆಚ್ಚು ತಾಳಿಕೊಳ್ಳುತ್ತವೆ. ಬಿಡಿಎನ್‌ಎಫ್ ಎಂಬ ಪೋಷಕ ಪ್ರೋಟೀನು ಜಿಪಿ-120ರ ಪೆಟ್ಟಿನಿಂದ ನರಕೋಶಗಳನ್ನು ಕಾಪಾಡುವುದು ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡುಬಂದಿದೆ.

ಎಚ್‌ಐವಿಯನ್ನು ಹತ್ತಿಕ್ಕುವ ಈ ಗುಳಿಗೆಗಳ ಚಿಕಿತ್ಸೆಯಾದ ಎಆರ್‌ಟಿಯಿಂದಲೇ ತೀವ್ರ ಡಿಮೆನ್ಶಿಯಾ (ಮರೆಗುಳಿತನ) ಈಗ ಅಪರೂಪವಾಗಿದೆ, ಹಾಗಾಗಿ ಯಾರೂ ಗುಳಿಗೆ ಬಿಡುವ ಯೋಚನೆ ಮಾಡಬಾರದು. ಆದರೆ ಕೋಶದ ಡಿಎನ್‌ಎಯಲ್ಲಿ ಮೊದಲೇ ಹುದುಗಿರುವ ವೈರಾಣುವಿನ ವಂಶವಾಹಿ ಟ್ಯಾಟ್ ತಯಾರಿಸುವುದನ್ನು ಈ ಔಷಧಗಳು ನೇರವಾಗಿ ತಡೆಯುವುದಿಲ್ಲವಾದ್ದರಿಂದ, ರಕ್ತದ ವರದಿ ಚೆನ್ನಾಗಿದೆಯೆಂದು ಮಿದುಳಿನ ಬಗ್ಗೆ ನಿಶ್ಚಿಂತರಾಗಿರಲು ಆಗದು.

ನರಕೋಶದ ಬುಡ ಉಳಿದಿರುವಾಗಲೇ ತೊಂದರೆಯನ್ನು ಗುರುತಿಸಬೇಕು. ಅದಕ್ಕೆ 2005ರಲ್ಲೇ ಪ್ರಕಟವಾದ ಅಂತರರಾಷ್ಟ್ರೀಯ ಎಚ್‌ಐವಿ ಡಿಮೆನ್ಶಿಯಾ ಮಾಪಕವಿದೆ. ನಾಲ್ಕು ಪದ ಹೇಳಿ ಸ್ವಲ್ಪ ಹೊತ್ತಿನ ನಂತರ ಕೇಳುವುದು, ಬೆರಳುಗಳನ್ನು ವೇಗವಾಗಿ ತಟ್ಟಿಸುವುದು, ಮುಷ್ಟಿ, ಅಂಗೈ ಮತ್ತು ಕಿರುಬೆರಳ ಕಡೆಯ ಕೈಯಂಚನ್ನು ಸರದಿಯಂತೆ ಮೇಜಿನ ಮೇಲೆ ಇಡಿಸುವುದು, ಇಷ್ಟೇ. ಕೆಲವೇ ನಿಮಿಷ ಸಾಕು, ಅಕ್ಷರ ಬಾರದವರಿಗೂ ಮಾಡಬಹುದು. ಕಲಬುರಗಿ, ಬೀದರ, ಯಾದಗಿರಿ ಜಿಲ್ಲೆಗಳ ಎಆರ್‌ಟಿ ಕೇಂದ್ರಗಳಲ್ಲಿ ವೈರಾಣು ಪ್ರಮಾಣದ ಪರೀಕ್ಷೆಯ ಜೊತೆಗೆ ಇದನ್ನೂ ವರ್ಷಕ್ಕೊಮ್ಮೆ ಮಾಡಲಿ. ಅಂಕ ಕಡಿಮೆ ಬಂದವರಿಗೆ ಮರೆವಿನ ಇತರ ಕಾರಣಗಳಾದ ಥೈರಾಯ್ಡ್, ಬಿ-12 ಕೊರತೆ ಮತ್ತು ಖಿನ್ನತೆಯ ತಪಾಸಣೆಯನ್ನೂ ಮಾಡಿಸಿ, ಅಗತ್ಯವಿದ್ದರೆ ನರರೋಗ ತಜ್ಞರ ಬಳಿಗೆ ಕಳುಹಿಸಬೇಕೆಂದು ಆರೋಗ್ಯ ಇಲಾಖೆಯನ್ನು ಕೇಳಿಕೊಳ್ಳುತ್ತೇನೆ.

— ನಿವೃತ್ತ ಜೀವಶಾಸ್ತ್ರ ಉಪನ್ಯಾಸಕಿ, ಕಲಬುರಗಿ