ಮಗಳು ಸೈಕಾಲಜಿ ಕೇಳುತ್ತಿದ್ದಾಳೆ ಅಂದೆಯಲ್ಲ, ಅದಕ್ಕೇ ಈ ಪತ್ರ

ಪ್ರೀತಿಯ ಸೀನ,

ನಿನ್ನೆ ಫೋನಿನಲ್ಲಿ ಪೂರ್ತಿ ಹೇಳಲು ಆಗಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಅಷ್ಟು ಒಳ್ಳೆಯ ಮಾರ್ಕ್ಸ್ ತೆಗೆದವಳು ಸೈನ್ಸ್ ಬೇಡ, ಪಿಯುಸಿಗೆ ಆರ್ಟ್ಸ್ ಸೇರಿ ಸೈಕಾಲಜಿ ಓದುತ್ತೇನೆ ಅಂತ ಹಟ ಹಿಡಿದಿದ್ದಾಳೆ ಅಂತ ನೀನು ಬೇಜಾರು ಮಾಡಿಕೊಂಡೆ. ನಾನೂ ಅದನ್ನೇ ಓದಿದವನಲ್ವಾ, ಅದಕ್ಕೆ ಬರೆಯುತ್ತಿದ್ದೇನೆ.

ಇದು ಸುಮ್ನೆ ಕೂತು ಮನಸ್ಸಿನ ಬಗ್ಗೆ ಮಾತಾಡುವ ವಿಷಯ ಅಲ್ಲ ಕಣೋ. ಪ್ರಾಕ್ಟಿಕಲ್ ಇದೆ, ಅದಕ್ಕೇ 30 ಅಂಕ. ನಮಗೆ ಮಾಡಿಸಿದ ಕನ್ನಡಿ ಪ್ರಯೋಗ ಇವತ್ತಿಗೂ ಕಣ್ಣ ಮುಂದಿದೆ. ಹಾಳೆಯ ಮೇಲೆ ನಕ್ಷತ್ರದ ಚಿತ್ರ, ಕೈ ಕಾಣದ ಹಾಗೆ ಅಡ್ಡಕ್ಕೊಂದು ಹಲಗೆ, ಎದುರಿಗೆ ಕನ್ನಡಿ. ಕನ್ನಡಿ ನೋಡುತ್ತಲೇ ಗೆರೆಯ ಮೇಲೆ ಪೆನ್ಸಿಲ್ ಓಡಿಸಬೇಕು, ಮೇಲೆ ಒಯ್ಯೋಣ ಅಂದರೆ ಕೈ ಕೆಳಗೆ ಜಾರುತ್ತದೆ, ಪಕ್ಕದಲ್ಲಿ ಇನ್ನೊಬ್ಬ ಸ್ಟಾಪ್‌ವಾಚ್ ಹಿಡಿದು ಸೆಕೆಂಡು, ತಪ್ಪು ಎರಡನ್ನೂ ಬರೆದುಕೊಳ್ಳುತ್ತಿರುತ್ತಾನೆ. ಮೊದಲು ಎಡಗೈಯಲ್ಲಿ ಒಂದು ಸಲ. ಆಮೇಲೆ ಬಲಗೈಯಲ್ಲಿ ಹತ್ತು ಸಲ. ಕೊನೆಗೆ ಮತ್ತೆ ಎಡಗೈ. ಅಭ್ಯಾಸ ಮಾಡಿದ್ದು ಬಲಗೈ, ಆದರೂ ಎಡಗೈಯ ಸಮಯ ಎಷ್ಟೋ ಇಳಿದಿತ್ತು! ನನ್ನ ತಲೆಗೆ ಏನೂ ಹತ್ತುವುದಿಲ್ಲ ಅಂತ ನಾನೇ ನಂಬಿಕೊಂಡಿದ್ದ ಕಾಲ ಅದು, ನಿನಗೆ ಗೊತ್ತು. ರೆಕಾರ್ಡ್ ಪುಸ್ತಕದಲ್ಲಿ ಆ ಸೆಕೆಂಡುಗಳು ಸಾಲು ಸಾಲಾಗಿ ಇಳಿಯುವುದನ್ನು ಕಂಡಾಗ ಆ ನಂಬಿಕೆ ಸಡಿಲವಾಯಿತು.

ಸೈಕಾಲಜಿ ಅನ್ನೋದು ಹೊಸ ಫ್ಯಾಷನ್ ಅಂತಲೂ ನೀನು ಅಂದೆ. ಹಾಗಲ್ಲ ಕಣೋ. ಮೈಸೂರು ವಿಶ್ವವಿದ್ಯಾಲಯದಲ್ಲಿ ಈ ವಿಭಾಗ 1924ರಿಂದ ಇದೆ. ಅಲ್ಲಿ ಪ್ರೊಫೆಸರ್ ಆಗಿದ್ದ ಎಂ. ವಿ. ಗೋಪಾಲಸ್ವಾಮಿ ಅವರೇ 1935ರಲ್ಲಿ ತಮ್ಮ ಮನೆಯಿಂದ ಆಕಾಶವಾಣಿ ಅಂತ ರೇಡಿಯೊ ಶುರು ಮಾಡಿದವರು.

ಆದರೆ ಒಂದು ಮಾತು ಅವಳನ್ನು ಈಗಲೇ ಕೇಳು. ಮನೋವೈದ್ಯೆ ಆಗಿ ಔಷಧಿ ಬರೆಯುವ ಆಸೆ ಇದ್ದರೆ ಮೊದಲು ಎಂಬಿಬಿಎಸ್ ಮಾಡಲೇಬೇಕು, ಅದಕ್ಕೆ ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಬೇಕು. ಜನರ ಜೊತೆ ಕೂತು ಮಾತಿನಿಂದ ಸಹಾಯ ಮಾಡುವ ಕೆಲಸ ಇಷ್ಟ ಅಂದರೆ ಆರ್ಟ್ಸ್ ದಾರಿ ಸರಿ, ಆದರೆ ಉದ್ದ. ಡಿಗ್ರಿ, ಎಂಎ, ಕ್ಲಿನಿಕಲ್, ಅಂದರೆ ಮಾನಸಿಕ ತೊಂದರೆ ಇರುವವರಿಗೆ ಚಿಕಿತ್ಸೆ ಕೊಡುವ ಕೆಲಸವಾದರೆ ಅದರದ್ದೇ ತರಬೇತಿ, ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ. ಇದು ಅವಳಿಗೆ ಗೊತ್ತಿರಬೇಕು, ನಿನಗೂ.

ಎಲ್ಲ ಕಾಲೇಜಿನಲ್ಲೂ ಈ ವಿಷಯ ಇರುವುದಿಲ್ಲ. ಅಪ್ಲಿಕೇಶನ್ ತರುವ ಮೊದಲು ಲ್ಯಾಬ್ ತೋರಿಸಿ ಅಂತ ಕೇಳು, ಬೀಗ ಹಾಕಿಟ್ಟಿದ್ದರೆ ಬೇರೆ ಕಡೆ ನೋಡು. ನನ್ನ ಹಳೇ ರೆಕಾರ್ಡ್ ಪುಸ್ತಕ ಅಟ್ಟದಿಂದ ಇಳಿಸಿದ್ದೇನೆ. ಭಾನುವಾರ ಬರುವಾಗ ತರುತ್ತೇನೆ, ಅವಳನ್ನು ಮನೆಯಲ್ಲೇ ಇರಲು ಹೇಳು.

ನಿನ್ನ,
ರಘು